ಆ ಹಸಿರು ಲೇಸರ್ ವಿಮಾನಕ್ಕೆ ಬಿಡಬೇಡಿ

ಗಣೇಶನ ಹಬ್ಬ ಬಂತೆಂದರೆ ನಮ್ಮ ಚಿತ್ರದುರ್ಗದಲ್ಲಿ ಹುಡುಗರ ಕೈಯಲ್ಲಿ ಹಸಿರು ಲೇಸರ್ ಕಾಣಿಸುತ್ತದೆ. ಮೊದಲು ಕೋಟೆ ಬಂಡೆಗೆ ಬಿಡುತ್ತಾರೆ, ಆಮೇಲೆ ಮೇಲೆ ಮಿನುಗುತ್ತಾ ಹೋಗುವ ವಿಮಾನಕ್ಕೆ. ಸುಮ್ನೆ ತಮಾಷೆಗೆ ಅಂತಾರೆ. ನನಗಂತೂ ಭಯವಾಗುತ್ತದೆ.

ಗೋಡೆ ಮೇಲೆ ಚುಕ್ಕಿಯಷ್ಟಿರುವ ಆ ಬೆಳಕು ದೂರ ಹೋದಂತೆ ಹರಡುತ್ತದೆ, ಒಂದು ಕಿಲೋಮೀಟರ್ ಆಚೆ ಸುಮಾರು 1 ಮೀಟರ್ ಅಗಲ ಆಗಿರುತ್ತದೆ. ಅದು ಕಾಕ್‌ಪಿಟ್ ಗಾಜಿಗೆ ಬಿದ್ದರೆ ಅಲ್ಲಿನ ಸಣ್ಣ ಗೀರು, ಧೂಳಿಗೆಲ್ಲ ತಾಗಿ ಇಡೀ ಗಾಜೇ ಹಸಿರಾಗಿ ಹೊಳೆಯುತ್ತದೆ, ಎದುರಿನ ರನ್‌ವೇ ದೀಪಗಳೇ ಕಾಣುವುದಿಲ್ಲ. ಬೆಳಕು ಹೋದ ಮೇಲೂ ಪೈಲಟ್ ಕಣ್ಣ ಮುಂದೆ ಕಲೆ ಉಳಿಯುತ್ತದೆ. ಅಷ್ಟೇ ಪವರ್‌ನ ಕೆಂಪು ಲೇಸರ್‌ಗಿಂತ 532 ನ್ಯಾನೋಮೀಟರ್ ತರಂಗಾಂತರದ ಈ ಹಸಿರು ನಮ್ಮ ಕಣ್ಣಿಗೆ ಎಷ್ಟೋ ಪಟ್ಟು ಜಾಸ್ತಿ ಕಾಣುತ್ತದೆ.

"ಅಷ್ಟು ಎತ್ತರದ ವಿಮಾನಕ್ಕೆ ಏನಾಗುತ್ತೆ ಬಿಡಿ" ಅಂತಾರೆ. ನಿಜ, ಅಪಾಯ ಜಾಸ್ತಿ ಇರುವುದು ಇಳಿಯುವಾಗ, ಏರುವಾಗ. ಆದರೆ ಇಲ್ಲಿ ಈ ಆಟ ಕಲಿತ ಹುಡುಗ ನಾಳೆ ಕೆಲಸಕ್ಕೆಂದು ಬೆಂಗಳೂರು ವಿಮಾನ ನಿಲ್ದಾಣವಿರುವ ದೇವನಹಳ್ಳಿ ಕಡೆ ರೂಮು ಮಾಡಬಹುದು, ಅಲ್ವಾ? ಅಮೆರಿಕದಲ್ಲಿ 2012ರಿಂದ ಇದಕ್ಕೇ ಅಂತ ಕಾನೂನಿದೆ, 5 ವರ್ಷದವರೆಗೆ ಜೈಲು.

ಮನೆಯಲ್ಲಿ ಅಂಥದ್ದು ಈಗಾಗಲೇ ಇದ್ದರೆ ಬ್ಯಾಟರಿ ತೆಗೆದು ಎತ್ತಿಡಿ. ಪವರ್ ಜಾಸ್ತಿ ಇರುವುದು ಹತ್ತಿರದಿಂದ ಬಿದ್ದರೆ ಮಕ್ಕಳ ಕಣ್ಣಿನ ರೆಟಿನಾವನ್ನೂ ಸುಡಬಹುದು.