ಅಮ್ಮ ಸಮುದ್ರಕ್ಕೆ ಇಳಿದಿದ್ದು
ದಾವಣಗೆರೆಗೆ ವಾಪಸ್ ಬಂದು ಹದಿನೈದು ದಿನ ಆಯ್ತು, ಅಮ್ಮ ಇನ್ನೂ ಪಕ್ಕದ್ಮನೆ ಆಂಟಿಗೆ ಬಾರ್ಬಡೋಸ್ ಕಥೆ ಹೇಳ್ತಾನೇ ಇದಾಳೆ, ಅದಕ್ಕೆ ನಾನೂ ಬರೆದಿಡೋಣ ಅಂತ ಕೂತೆ.

ಅಕ್ಕ ಭಾವ ಇರೋದು ಬಾರ್ಬಡೋಸ್ ರಾಜಧಾನಿ ಬ್ರಿಡ್ಜ್‌ಟೌನಲ್ಲಿ. ಅಮ್ಮಂಗೆ ಮಗಳನ್ನ ನೋಡೋ ಆಸೆ, ಆದ್ರೆ ಬೀಚ್ ಅಂದ್ರೆ ಮುಖ ಸಣ್ಣಗಾಗ್ತಿತ್ತು. ಅವಳ ತವರು ಮಲೇಬೆನ್ನೂರು ಕಡೆ, ಭದ್ರಾ ನಾಲೆ ಪಕ್ಕದ ಊರು. ನಮ್ಮ ಚಿಕ್ಕ ಮಾವ ಹತ್ತನೇ ಕ್ಲಾಸಲ್ಲಿದ್ದಾಗ ಎಮ್ಮೆ ಮೈ ತೊಳಿಯೋಕೆ ಹೋಗಿ ನಾಲೆ ಪಾಲಾದ. ಈಜು ಚೆನ್ನಾಗೇ ಬರ್ತಿತ್ತು ಅವನಿಗೆ. ಆದ್ರೆ ನಾಲೆ ಇಳಿಜಾರಿಗೆ ಪಾಚಿ ಕಟ್ಟಿರುತ್ತೆ, ಕಾಲು ಜಾರಿದ್ರೆ ಹಿಡ್ಕೊಳ್ಳೋಕೆ ಒಂದು ಕಡ್ಡಿನೂ ಸಿಗಲ್ಲ, ನೀರು ಮೇಲೆ ಸುಮ್ನೆ ಹೋಗ್ತಿರೋ ಥರ ಕಾಣುತ್ತೆ ಒಳಗೆ ಎಳೀತಿರುತ್ತೆ. ಆಮೇಲಿಂದ ಅಮ್ಮ ಹರಿಹರಕ್ಕೆ ಹೋದ್ರೂ ತುಂಗಭದ್ರೆಗೆ ಇಳಿಯಲ್ಲ, ಮೆಟ್ಟಿಲ ಮೇಲೇ ಕೂತು ಚೊಂಬಲ್ಲಿ ತಲೆ ಮೇಲೆ ಹಾಕ್ಕೊಂಡು ಬರೋದು.

ಭಾವ ಮೊದಲ ದಿನವೇ ಹೇಳಿದ್ರು, ಈ ದ್ವೀಪಕ್ಕೆ ಪೂರ್ವದಲ್ಲಿ ಅಟ್ಲಾಂಟಿಕ್, ಪಶ್ಚಿಮದಲ್ಲಿ ಕೆರಿಬಿಯನ್, ಗಾಳಿ ಹೆಚ್ಚಾಗಿ ಪೂರ್ವದಿಂದ್ಲೇ ಬೀಸೋದು, ಅಲೆಯೆಲ್ಲ ಆ ಕಡೆ ಬಡಿಯುತ್ತೆ, ಈ ಕಡೆಗೆ ದ್ವೀಪನೇ ಅಡ್ಡ ನಿಂತಿರುತ್ತೆ ಅಂತ. ಪೂರ್ವದ ಬಾತ್‌ಶೀಬಾ ನೋಡಿದ್ವಿ, ದುರ್ಗದ ಬಂಡೆಗಳನ್ನ ತಂದು ನೀರಲ್ಲಿ ಇಟ್ಟಂಗಿದೆ, ಸರ್ಫಿಂಗ್ ಮಾಡೋರಿಗೆ ಸರಿ, ಈಜೋಕೆ ಅಲ್ಲ. ಮರುದಿನ ಪಶ್ಚಿಮ ದಿಕ್ಕಿನ ಕಾರ್ಲೈಲ್ ಬೇಗೆ ಹೋದ್ರೆ ನೀರು ಬೆಳಗಿನ ಹೊತ್ತಿನ ಸೂಳೆಕೆರೆ ಥರ!

ಅಮ್ಮ ನೆರಳು ನೋಡಿ ಒಂದು ಮರದ ಕೆಳಗೆ ಬೆಡ್‌ಶೀಟ್ ಹಾಸೋಕೆ ಹೋದ್ಲು, ಅಕ್ಕ ಓಡಿ ಬಂದು ಕೈ ಹಿಡಿದು ಎಳೆದ್ಲು. ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿದ್ರು, ಮ್ಯಾಂಚನೀಲ್ ಮರ ಅಂತೆ. ಹಣ್ಣು ಸಣ್ಣ ಹಸಿರು ಸೇಬಿನ ಥರ, ಪೂರ್ತಿ ವಿಷ, ಮರದ ಹಾಲು ಮೈಗೆ ತಾಗಿದ್ರೆ ಬೊಬ್ಬೆ ಏಳುತ್ತೆ, ಮಳೇಲಿ ಅದರ ಕೆಳಗೆ ನಿಂತ್ರೂ ಅಷ್ಟೇ. ಮಕ್ಕಳನ್ನ ಕರ್ಕೊಂಡು ಹೋಗೋರು ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಲೈಫ್‌ಗಾರ್ಡ್ ಹತ್ರ ಕೇಳಿ, ಕೆಂಪು ಬಾವುಟ ಇಲ್ಲ ಅಂತ ನೋಡ್ಕೊಂಡು, ಅಮ್ಮಂಗೆ ಲೈಫ್ ಜಾಕೆಟ್ ಹಾಕಿದೆ. ಭುಜದ ಹತ್ರ ಹಿಡಿದು ಮೇಲಕ್ಕೆ ಎಳೆದ್ರೆ ಅದು ಕಿವಿವರೆಗೂ ಬರಬಾರದು, ಅಷ್ಟು ಬಿಗಿ ಇರಬೇಕು, ಎರಡು ಸಲ ಎಳೆದು ನೋಡಿದೆ. ಒಂದೊಂದೇ ಹೆಜ್ಜೆ. ಮೊಣಕಾಲು, ಸೊಂಟ, ಎದೆ ಮಟ್ಟ. ನೀರು ಎಷ್ಟು ತಿಳಿ ಅಂದ್ರೆ ಅಲ್ಲಿಂದ್ಲೂ ಅವಳ ಕಾಲುಂಗುರ ಕಾಣ್ತಿತ್ತು. ನನ್ನ ಕೈ ಬಿಗಿಯಾಗಿ ಹಿಡ್ಕೊಂಡಿದ್ಲು, ಉಗುರು ಚುಚ್ತಿತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, "ಇದು ಎಳೀತಾ ಇಲ್ವಲ್ಲೇ" ಅಂದ್ಲು. ನನಗೆ ಮಾತೇ ಹೊರಡಲಿಲ್ಲ.

ಅಷ್ಟರಲ್ಲಿ ದೊಡ್ಡ ಬಾಣಲೆಯಷ್ಟಗಲ ಆಮೆ ಉಸಿರಿಗೆ ತಲೆ ಎತ್ತಿ ಮತ್ತೆ ಮುಳುಗಿತು, ಅಮ್ಮ ನೀರಲ್ಲೇ ಕೈ ಮುಗಿದ್ಲು. ಮುಟ್ಟಬಾರದು, ದೂರದಿಂದ ನೋಡೋದಷ್ಟೇ. ನಾನು ಭಾವ ಸ್ನಾರ್ಕೆಲ್ (ಉಸಿರಾಡೋ ಕೊಳವೆ) ಹಾಕ್ಕೊಂಡು ಕೆಳಗೆ ಮುಳುಗಿರೋ ಹಡಗುಗಳನ್ನೂ ನೋಡಿದ್ವಿ, ಅದರಲ್ಲಿ ಬರ್ವಿನ್ ಅನ್ನೋದು 1919ರಲ್ಲಿ ಮುಳುಗಿದ್ದಂತೆ, ಈಗ ತುಂಬಾ ಮೀನು. ಸಂಜೆ ಕೆನ್ಸಿಂಗ್‌ಟನ್ ಓವಲ್, 2024ರ ಜೂನ್ 29ಕ್ಕೆ ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ ಇಂಡಿಯಾ ಟಿ20 ವರ್ಲ್ಡ್‌ಕಪ್ ಗೆದ್ದ ಗ್ರೌಂಡು, ಗೇಟ್ ಮುಂದೆ ನಿಂತು ಮೈ ಜುಂ ಅಂತು.

ನಿನ್ನೆ ಅಮ್ಮ ಅಣ್ಣಂಗೆ ಫೋನ್ ಮಾಡಿದ್ಲು. "ಬೇಸಿಗೆ ರಜಕ್ಕೆ ಪಾಪುನ ಸ್ವಿಮ್ಮಿಂಗ್ ಕ್ಲಾಸಿಗೆ ಹಾಕೋ, ಫೀಸು ನಾನೇ ಕೊಡ್ತೀನಿ. ನಾಲೆ ಕಡೆ ಮಾತ್ರ ಬಿಡಬೇಡ."