ಎರಡು ಜಾಯಿಂಟ್‌, ಒಂದು ದಿಬ್ಬ: ಕೇಬಲ್ ಪರೀಕ್ಷೆ, ಮೂರನೇ ವಾರ

ಟೆರೇಸಿನ ಆಂಟೆನಾಗೆ ಹೋಗುವ ಆರ್‌ಜಿ-58 ಕೇಬಲ್ 8 ಮೀಟರ್ ಉದ್ದ. ಹೋದ ವರ್ಷ 7 ಮೀಟರ್ ಹತ್ತಿರ ಅದನ್ನು ಕತ್ತರಿಸಿ, 18 ಸೆಂಟಿಮೀಟರ್ ಹೊಸ ತುಂಡು ಸೇರಿಸಿದ್ದೆ. ಅಂದರೆ ಅಲ್ಲಿ ಎರಡು ಜಾಯಿಂಟ್. ಯಾವುದರಲ್ಲಿ ನೀರು ಇಳಿದಿದೆ ಅಂತ ಬಿಚ್ಚದೆ ತಿಳಿಯಬೇಕಿತ್ತು.

ಆಂಟೆನಾ ಕಳಚಿ, ನ್ಯಾನೋವಿಎನ್ಎಯಲ್ಲಿ (ಕೇಬಲ್ಲಿಗೆ ಸಿಗ್ನಲ್ ಕಳಿಸಿ, ಎಷ್ಟು ವಾಪಸ್ ಬರುತ್ತದೆ ಅಂತ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಅಳೆಯುವ ಪುಟ್ಟ ಉಪಕರಣ) 900 ಮೆಗಾಹರ್ಟ್ಸ್‌ವರೆಗೆ 101 ಪಾಯಿಂಟ್ ಅಳೆದು, ಫೈಲನ್ನು ಕಂಪ್ಯೂಟರಿಗೆ ತಂದೆ. ಪಾಯಿಂಟ್‌ಗಳ ನಡುವೆ 9 ಮೆಗಾಹರ್ಟ್ಸ್ ಅಂತರ. ಕೇಬಲ್ಲಿನ ವೇಗ ಬೆಳಕಿನ 66%. ಹಾಗಾಗಿ ಸುಮಾರು 11 ಮೀಟರ್‌ವರೆಗೆ ಗೊಂದಲವಿಲ್ಲದೆ ನೋಡಬಹುದು. ನಮಗೆ ಸಾಕು.

ಮೊದಲು ವಿಂಡೋ (ಅಳತೆಯ ಅಂಚುಗಳನ್ನು ತಗ್ಗಿಸುವ ಲೆಕ್ಕ) ಇಲ್ಲದೆ ಪೈಥಾನ್‌ನಲ್ಲಿ ಟೈಮ್ ಡೊಮೇನ್‌ಗೆ ತಿರುಗಿಸಿದೆ, ಅಂದರೆ ಸಿಗ್ನಲ್ ಎಷ್ಟು ದೂರದಿಂದ ವಾಪಸ್ ಬಂತು ಅಂತ ತೋರಿಸುವ ಗೆರೆ ಮಾಡಿದೆ. ಎಲ್ಲಿಂದ ವಾಪಸ್ ಬಂತೋ ಅಲ್ಲಿ ದಿಬ್ಬ ಏಳುತ್ತದೆ. ತೆರೆದ ತುದಿಯ ದಿಬ್ಬ ಚೆನ್ನಾಗಿ ಎದ್ದಿತ್ತು. ಆದರೆ ಅದರ ಎರಡೂ ಕಡೆ ಅಲೆಯೋ ಅಲೆ! ಜಾಯಿಂಟ್ ಎಲ್ಲಿ, ಅಲೆ ಎಲ್ಲಿ ಅಂತ ಗೊತ್ತಾಗಲಿಲ್ಲ. 900 ಮೆಗಾಹರ್ಟ್ಸ್‌ನಲ್ಲಿ ಅಳತೆ ಥಟ್ಟನೆ ನಿಂತುಬಿಡುತ್ತದೆ ಅಲ್ವಾ, ಆ ಕಡಿದ ಅಂಚೇ ಈ ಅಲೆಗಳಿಗೆ ಕಾರಣ. ಮೊದಲ ಅಲೆ ದಿಬ್ಬಕ್ಕಿಂತ ಬರೀ 13 ಡೆಸಿಬಲ್ ಕೆಳಗಿರುತ್ತದೆ.

ಆಮೇಲೆ ಕೈಸರ್ ಎಂಬ ವಿಂಡೋ ಹಾಕಿದೆ, ಬೀಟಾ (ಎಷ್ಟು ತಗ್ಗಿಸಬೇಕು ಅಂತ ಹೇಳುವ ಸಂಖ್ಯೆ) 6. ಇದು ಅಂಚುಗಳನ್ನು ಮೆಲ್ಲಗೆ ತಗ್ಗಿಸುತ್ತದೆ. ಅಲೆಗಳು 44 ಡೆಸಿಬಲ್ ಕೆಳಗೆ ಹೋದವು. 7 ಮೀಟರ್ ಹತ್ತಿರ ಪುಟ್ಟ ದಿಬ್ಬವೊಂದು ತಲೆ ಎತ್ತಿತು! ಎಷ್ಟು ಖುಷಿಯಾಯಿತು ಅಂದರೆ ಆ ಚಿತ್ರವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ.

ಆದರೆ ದಿಬ್ಬ ಒಂದೇ. ಜಾಯಿಂಟ್ ಎರಡು. ವಿಂಡೋ ಅಲೆಯನ್ನು ತಗ್ಗಿಸುತ್ತದೆ, ಜೊತೆಗೆ ದಿಬ್ಬವನ್ನು ಅಗಲ ಮಾಡುತ್ತದೆ. ಈ ಅಳತೆಯಲ್ಲಿ ವಿಂಡೋ ಇಲ್ಲದಿದ್ದರೆ ದಿಬ್ಬದ ಅಗಲ ಸುಮಾರು 13 ಸೆಂಟಿಮೀಟರ್, ಬೀಟಾ 6ಕ್ಕೆ 21. 18 ಸೆಂಟಿಮೀಟರ್ ದೂರದ ಎರಡು ಜಾಯಿಂಟ್ ಒಂದಾಗಿ ಕಾಣದೆ ಇನ್ನೇನು? ಬೀಟಾ 13ಕ್ಕೆ 30 ಆಗುತ್ತದೆ, ಈ ಕೆಲಸಕ್ಕೆ ಅದು ಬೇಡವೇ ಬೇಡ. ಅಳತೆಯ ಕೊನೆಗೆ ಸೊನ್ನೆಗಳನ್ನು ಸೇರಿಸಿ 2048 ಪಾಯಿಂಟ್ ಮಾಡಿಯೂ ನೋಡಿದೆ. ಗೆರೆ ನುಣುಪಾಯಿತು ಅಷ್ಟೇ, ದಿಬ್ಬ ಒಡೆಯಲಿಲ್ಲ.

ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಅಲೆ ಬರುತ್ತಿರುವುದು ತೆರೆದ ತುದಿಯಿಂದ. ಅಲ್ಲಿಂದ ಸಿಗ್ನಲ್ ವಾಪಸ್ ಬರದಿದ್ದರೆ ಅಲೆಯೂ ಇಲ್ಲ! ತುದಿಗೆ ಸಿಗ್ನಲ್ಲನ್ನು ಹೀರಿಕೊಳ್ಳುವ 50 ಓಮ್ ಲೋಡ್ ಹಾಕಿ, ಮತ್ತೆ ಅಳೆದು, ಈ ಸಲ ವಿಂಡೋ ಇಲ್ಲದೆ ತಿರುಗಿಸಿದೆ.

ಎರಡು ದಿಬ್ಬ. ಆಂಟೆನಾ ಕಡೆಯದು ಜಾಸ್ತಿ ಎತ್ತರ. ಭಾನುವಾರ ಮೊದಲು ಅದನ್ನೇ ಬಿಚ್ಚುತ್ತೇನೆ.