ಸ್ಟೀರಿಂಗೇ ಇಲ್ಲದ ಗಾಡಿ ಓಡಿಸೋಕೆ ಎಂಥಾ ಸುಸ್ತು?

ನನ್ನ ಪಿಎಚ್‌ಡಿ ವಿಷಯ ರೈಲ್ವೆ ಸಿಬ್ಬಂದಿಯ ಕೆಲಸದ ಒತ್ತಡ ಮತ್ತು ದಣಿವು. ಅದರಲ್ಲೂ ಗೂಡ್ಸ್ ಓಡಿಸುವ ಲೋಕೋ ಪೈಲಟ್‌ಗಳದ್ದು, ಅಂದರೆ ರೈಲಿನ ಡ್ರೈವರ್‌ಗಳದ್ದು. ಮದುವೆ ಮನೆಯಲ್ಲಿ ಯಾರಿಗಾದರೂ ಇದನ್ನು ಹೇಳಿದರೆ ಸಾಕು, ಶುರುವಾಗುತ್ತದೆ: “ಹಳಿ ಹೋದ ಕಡೆ ರೈಲು ಹೋಗುತ್ತೆ. ಸ್ಟೀರಿಂಗೇ ಇಲ್ಲ. ಕೂತ್ಕೊಂಡು ಓಡಿಸೋರಿಗೆ ಎಂಥಾ ಸುಸ್ತು? ಇದಕ್ಕೂ ಸರ್ಕಾರ ದುಡ್ಡು ಕೊಡುತ್ತಾ?”

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಕೊಡುತ್ತದೆ. ನನ್ನದು ನೆಟ್ ಪರೀಕ್ಷೆ ಬರೆದು ಸಿಕ್ಕ ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್). ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಸೀನಿಯರ್ (ಎಸ್‌ಆರ್‌ಎಫ್) ಆದಮೇಲೆ 42,000. 2023ರ ಜನವರಿಯಿಂದ ಬಂದ ದರ ಇದು. ಈ ದುಡ್ಡು ರೈಲ್ವೆಯದ್ದಲ್ಲ, ಯೂನಿಯನ್ನಿನದೂ ಅಲ್ಲ ಅನ್ನುವುದು ನನ್ನ ಕೆಲಸಕ್ಕೆ ತುಂಬಾ ಮುಖ್ಯ. ಯಾಕೆಂದರೆ ಹುಬ್ಬಳ್ಳಿಯಲ್ಲಿ ಲೋಕೋ ಪೈಲಟ್‌ಗಳು ನನ್ನನ್ನು ಮೊದಲು ಕೇಳುವುದೇ “ಆಫೀಸ್ ಕಡೆಯವರೇನ್ರೀ?” ಅಂತ. ಡ್ಯೂಟಿಯಲ್ಲಿ ಕಣ್ಣು ಎಳೆಯುತ್ತದೆ ಅಂತ ಒಪ್ಪಿಕೊಂಡರೆ ನೌಕರಿಗೇ ಕುತ್ತು ಅನ್ನುವ ಭಯ. ಅದಕ್ಕೇ ನನ್ನ ಫಾರಂನಲ್ಲಿ ಹೆಸರಿಲ್ಲ, ಪಿಎಫ್ ನಂಬರಿಲ್ಲ.

ಇನ್ನು ಸುಸ್ತಿನ ವಿಷಯ. ಸ್ಟೀರಿಂಗ್ ಇಲ್ಲ, ಸರಿ. ಬ್ರೇಕ್ ಹಾಕಿದ ಜಾಗದಲ್ಲಿ ರೈಲು ನಿಲ್ಲುವುದೂ ಇಲ್ಲವಲ್ಲ! ಆದ್ದರಿಂದ ಪ್ರತಿ ಸಿಗ್ನಲನ್ನೂ ದೂರದಿಂದಲೇ ನೋಡಬೇಕು. ನೋಡಿದ್ದನ್ನು ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್ ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಹೇಳಬೇಕು. ರಾತ್ರಿಯಿಡೀ ಇದೇ. ಇಂಜಿನ್ನಿನಲ್ಲಿ ವಿಸಿಡಿ ಅಂತ ಒಂದು ಉಪಕರಣ ಇರುತ್ತದೆ. ಸುಮಾರು 60 ಸೆಕೆಂಡ್ ನೀವು ಏನನ್ನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಬಜರ್ ಕೂಗುತ್ತದೆ. ಆಗಲೂ ಬಟನ್ ಒತ್ತದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಗೋವಾದ ಮೋರ್ಮುಗಾಂವ್ ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್, ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ 37 ಮೀಟರ್ ಹೋದರೆ 1 ಮೀಟರ್ ಏರುವಂಥ ಘಾಟ್ ಹತ್ತಬೇಕು. ಹಿಂದಿನಿಂದ ಬ್ಯಾಂಕರ್ ಇಂಜಿನ್‌ಗಳು ತಳ್ಳಬೇಕು. ಮಳೆಗಾಲದಲ್ಲಿ ಹಳಿ ಜಾರುತ್ತದೆ. ಸುಮ್ನೆ ಕೂತಿರುವ ಕೆಲಸ ಅಲ್ಲ ಇದು.

ಆದರೆ ನನಗೆ ಕಂಡ ಹಾಗೆ ಜನ ಸೋಲುವುದು ಇಂಜಿನ್ನಿನಲ್ಲಿ ಅಲ್ಲ, ಮನೆಯಲ್ಲಿ, ಡ್ಯೂಟಿಗೆ ಕರೆಯುವ ಕಾಲ್‌ಗೆ ಕಾಯುತ್ತಾ.

ಮೇಲ್, ಎಕ್ಸ್‌ಪ್ರೆಸ್ ಓಡಿಸುವವರಿಗೆ ಲಿಂಕ್ ಇರುತ್ತದೆ. ಯಾವ ದಿನ ಯಾವ ಗಾಡಿ ಅಂತ ಮೊದಲೇ ಗೊತ್ತು. ಗೂಡ್ಸ್‌ನವರಿಗೆ ಅದಿಲ್ಲ. ಗಾಡಿ ರೆಡಿಯಾದಾಗ ಫೋನ್ ಬರುತ್ತದೆ, ಸಾಮಾನ್ಯವಾಗಿ ಎರಡು ಗಂಟೆ ಮುಂಚೆ. ಒಬ್ಬರ ಕ್ವಾರ್ಟರ್ಸ್‌ನಲ್ಲಿ ಹಗಲು ಹೊತ್ತು ಕುಕ್ಕರ್ ಇಡುವುದೇ ಇಲ್ಲ, ಅನ್ನ ಬಸಿಯುತ್ತಾರೆ. ಸೀಟಿ ಹೊಡೆದರೆ ಯಜಮಾನರಿಗೆ ಎಚ್ಚರವಾಗುತ್ತದೆ ಅಂತ. ಫೋನ್ ಹೆಂಡತಿಯ ಸೆರಗಿನಲ್ಲಿ, ವೈಬ್ರೇಟ್‌ನಲ್ಲಿ. ಇಷ್ಟು ಮಾಡಿದರೂ ಅವರು ಮಲಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕಾಲ್‌ಗೆ ಕಾಯುತ್ತಿದ್ದರು.

ಈಗ ಲೆಕ್ಕ ಹಾಕಿ. ಬೆಳಿಗ್ಗೆ 7ಕ್ಕೆ ಎದ್ದ ಮನುಷ್ಯ. ರಾತ್ರಿ 8ಕ್ಕೆ ಕಾಲ್, 10ಕ್ಕೆ ಸೈನ್ ಆನ್, ಅಂದರೆ ಡ್ಯೂಟಿಗೆ ಹಾಜರಿ. ಬೆಳಗಿನ ಜಾವ 3ಕ್ಕೆ ಅವರು ಎಚ್ಚರವಾಗಿದ್ದು 20 ಗಂಟೆ. ನಾವು ಬೇಡವೆಂದರೂ ದೇಹ ತೂಕಡಿಸುವ ಹೊತ್ತು ಅದು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದು, 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಚುರುಕು ರಕ್ತದಲ್ಲಿ 0.05% ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ. ನಮ್ಮಲ್ಲಿ ಕಾರು ಓಡಿಸುವವರಿಗೇ ಮಿತಿ 0.03%. ಸಿಬ್ಬಂದಿ ಹಾಜರಿ ಹಾಕುವ ಲಾಬಿಯಲ್ಲಿ ಸೈನ್ ಆನ್ ಮಾಡುವಾಗ ಬ್ರೀತಲೈಸರ್ ಊದಿಸುತ್ತಾರೆ. ನಿದ್ದೆಗೆಟ್ಟವನೂ ಅದರಲ್ಲಿ ಪಾಸ್.

ಕಾಗದದ ಮೇಲೆ ಮಾತ್ರ ಅವರಿಗೆ ರೆಸ್ಟ್ ಪೂರ್ತಿ ಸಿಕ್ಕಿರುತ್ತದೆ. ರೈಲ್ವೆಯ ನಿಯಮಗಳ ಪ್ರಕಾರ, 8 ಗಂಟೆ ಅಥವಾ ಜಾಸ್ತಿ ಡ್ಯೂಟಿ ಮಾಡಿದರೆ ಹೆಡ್‌ಕ್ವಾರ್ಟರ್ಸ್‌ನಲ್ಲಿ, ಅಂದರೆ ತಮ್ಮ ಊರಿನಲ್ಲಿ, 16 ಗಂಟೆ, ಹೊರಗೆ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ 8 ಗಂಟೆ ವಿಶ್ರಾಂತಿ. ವಾರದ ರೆಸ್ಟ್ 30 ಗಂಟೆ. ಆ 16 ಈ 30ರೊಳಗೇ ಮುಳುಗಿಹೋಗುತ್ತದೆ, ಎರಡೂ ಸೇರಿ 46 ಕೊಡಿ ಅಂತ 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಹೋರಾಟಕ್ಕಿಳಿದಿದ್ದು ನೆನಪಿರಬಹುದು. ಬೇಡಿಕೆ ನ್ಯಾಯವಾದದ್ದೇ. ಆದರೂ ಗಂಟೆ ಎಣಿಸಿದರಷ್ಟೇ ಸಾಲದು ಅಂತ ನನ್ನ ವಾದ. ಹಗಲಿನ ಎಂಟು ಗಂಟೆ ರೆಸ್ಟ್ ಬೇರೆ, ರಾತ್ರಿಯ ಎಂಟು ಗಂಟೆ ರೆಸ್ಟ್ ಬೇರೆ.

ನಾನು ಇದನ್ನು ಅಳೆಯುವುದು ಹೇಗೆ? ನಿದ್ದೆಯ ಡೈರಿ ಬರೆಸುತ್ತೇನೆ. ಜೊತೆಗೆ ಒಂದು ಸಣ್ಣ ಪರೀಕ್ಷೆ: ಪರದೆ ಮೇಲೆ ಚುಕ್ಕಿ ಬಂದ ಕೂಡಲೇ ಒತ್ತಬೇಕು, ಹತ್ತು ನಿಮಿಷ. ಡ್ಯೂಟಿ ಮುಗಿಸಿ ಬಂದ ಒಬ್ಬರು ಕಣ್ಣು ತೆರೆದುಕೊಂಡೇ ಕೂತಿದ್ದರು. ಚುಕ್ಕಿ ಬಂತು, ಹೋಯಿತು, ಬೆರಳು ಅಲ್ಲಾಡಲಿಲ್ಲ. ಹೇಳಿದರೆ “ಎಲ್ಲಿ ಬಂತ್ರೀ?” ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಎರಡು ಮೂರು ಸೆಕೆಂಡ್ ಅವರ ಮಟ್ಟಿಗೆ ಇರಲೇ ಇಲ್ಲ.

“ಸರಿ, ನೀನು ಪಿಎಚ್‌ಡಿ ಮಾಡಿದರೆ ಏನಾಗುತ್ತೆ?” ಅಂತ ಮುಂದಿನ ಪ್ರಶ್ನೆ. ದಣಿವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಲಂಡನ್ನಿನ ಕ್ಲಾಫಮ್ ಜಂಕ್ಷನ್‌ನಲ್ಲಿ 1988ರ ಡಿಸೆಂಬರ್ 12ರಂದು ರೈಲುಗಳು ಡಿಕ್ಕಿಯಾಗಿ 35 ಜನ ಸತ್ತರು. ಹಳೇ ವೈರೊಂದನ್ನು ಸರಿಯಾಗಿ ತೆಗೆಯದೆ ಬಿಟ್ಟಿದ್ದರಿಂದ ಸಿಗ್ನಲ್ ಕೆಂಪಾಗಬೇಕಾದಲ್ಲಿ ಕೆಂಪಾಗಿರಲಿಲ್ಲ. ಆ ಕೆಲಸ ಮಾಡಿದ ಟೆಕ್ನಿಷಿಯನ್‌ಗೆ ಹಿಂದಿನ 13 ವಾರದಲ್ಲಿ ಸಿಕ್ಕಿದ್ದು ಒಂದೇ ರಜೆ. ವಿಚಾರಣೆ ಆದಮೇಲೆ ಅಲ್ಲಿ ಕೆಲಸದ ಗಂಟೆಗಳಿಗೆ ಮಿತಿ ಬಂತು. ಡ್ರೈವರ್ ಒಬ್ಬರ ಮಾತಲ್ಲ ಇದು, ಅಲ್ವಾ? ಸಿಗ್ನಲ್‌ನವರು, ಹಳಿ ನೋಡಿಕೊಳ್ಳುವ ಕೀಮ್ಯಾನ್, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಎಲ್ಲರದೂ.

ನನ್ನ ಪ್ರಬಂಧದಿಂದ ನಿಯಮ ಬದಲಾಗುತ್ತದೆ ಅಂತ ಹೇಳಿಕೊಂಡು ತಿರುಗುವುದಿಲ್ಲ. ಆದರೆ ಗೂಡ್ಸ್‌ನವರಿಗೂ ಕಾಲ್ ಯಾವ ಹೊತ್ತಿನಿಂದ ಯಾವ ಹೊತ್ತಿನೊಳಗೆ ಬರಬಹುದು ಅಂತ ಹಿಂದಿನ ದಿನವೇ ತಿಳಿಸುವುದಕ್ಕೆ ಹೊಸ ಇಂಜಿನ್ನೂ ಬೇಡ, ಹೊಸ ಹಳಿಯೂ ಬೇಡ. ಶಿಫಾರಸಿನಲ್ಲಿ ಅದನ್ನೇ ಮೊದಲು ಬರೆಯಬೇಕು ಅಂತಿದ್ದೇನೆ. ಗೈಡ್ ಮೇಡಂ ಮಾತ್ರ “ಮೊದಲು ಡೇಟಾ ಮುಗಿಸು” ಅಂದಿದ್ದಾರೆ.